ಮೋಟರ್‌ಹೋಮ್‌ನ ಆಯಿಲ್ ಸೀಲ್ ಸೋರಿಕೆ: ಘಟ್ಟ ಇಳಿಯುವ ಮೊದಲು ಮಾಡಬೇಕಾದ ಕೆಲಸಗಳು

ಮಳೆಗಾಲ ಮುಗಿದು ಅಕ್ಟೋಬರ್ ಬಿಸಿಲು ಬೀಳುತ್ತಿದ್ದಂತೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಶೆಡ್ಡುಗಳಲ್ಲಿ ನಾಲ್ಕು ತಿಂಗಳು ನಿಂತಿದ್ದ ಮೋಟರ್‌ಹೋಮ್‌ಗಳು ಒಂದೊಂದಾಗಿ ಹೊರಗೆ ಬರುತ್ತವೆ. ಗಾಡಿಯನ್ನು ಹೊರತೆಗೆದ ಮೇಲೆ ಅದು ನಿಂತಿದ್ದ ನೆಲವನ್ನು ತಿರುಗಿ ನೋಡಿದರೆ ಅಂಗೈಯಗಲದ ಎಣ್ಣೆ ಕಲೆಯೊಂದು ಕಾಣಿಸಬಹುದು. ಹಳೆಯ ಗಾಡಿ, ಸ್ವಲ್ಪ ಜಿನುಗುತ್ತದೆ ಎಂದುಕೊಂಡು ಹೊರಟುಬಿಡುವವರೇ ಹೆಚ್ಚು. ಬಯಲುಸೀಮೆಯ ನೇರ ರಸ್ತೆಯಲ್ಲಿ ಅದು ಹೇಗೋ ನಡೆದೀತು. ಒಳಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯಬೇಕಾದ ಭಾರದ ಗಾಡಿಯಲ್ಲಿ ಆ ಕಲೆ ಎಲ್ಲಿಂದ ಬಂತೆಂದು ತಿಳಿಯದೆ ಹೊರಡುವುದು ತಪ್ಪು.

ಹಿಂದಿನ ಚಕ್ರಗಳು ಎಳೆಯುವ ಡೀಸೆಲ್ ವ್ಯಾನ್ ಅಥವಾ ಮಿನಿ ಬಸ್ಸಿನ ಮೇಲೆ ಕಟ್ಟಿಸಿದ ಮೋಟರ್‌ಹೋಮ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಂಥ ಗಾಡಿಯಲ್ಲಿ ಎಂಜಿನ್ನಿನಿಂದ ಚಕ್ರದವರೆಗೆ ಐದು ಜಾಗಗಳಲ್ಲಿ ತಿರುಗುವ ಶಾಫ್ಟಿನ ಸುತ್ತ ಆಯಿಲ್ ಸೀಲ್ ಇರುತ್ತದೆ: ಕ್ರ್ಯಾಂಕ್ ಶಾಫ್ಟಿನ ಹಿಂಬದಿ, ಗೇರ್ ಬಾಕ್ಸಿನ ಮುಂಬದಿ, ಗೇರ್ ಬಾಕ್ಸಿನ ಹಿಂಬದಿ, ಡಿಫರೆನ್ಷಿಯಲ್‌ನ (ಹಿಂಚಕ್ರಗಳ ನಡುವಿನ ಗೇರುಗಳ ಜೋಡಣೆ) ಒಳಕ್ಕೆ ಶಕ್ತಿ ತರುವ ಪಿನಿಯನ್ ಮತ್ತು ಎರಡೂ ಹಿಂಚಕ್ರಗಳ ಹಬ್. ಸೀಲ್ ಎಂದರೆ ಲೋಹದ ಬಳೆಯೊಂದಕ್ಕೆ ಹೊಂದಿಸಿದ ರಬ್ಬರ್ ತುಟಿ. ಅದರ ಬೆನ್ನಿಗೆ ಸಣ್ಣ ಸುರುಳಿ ಸ್ಪ್ರಿಂಗ್ ಇದ್ದು, ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುತ್ತದೆ. ತುಟಿಗೂ ಶಾಫ್ಟಿಗೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪದರ ಸದಾ ಇರಬೇಕು. ಗಾಡಿ ತಿಂಗಳುಗಟ್ಟಲೆ ನಿಂತಾಗ ಆ ಪದರ ಒಣಗುತ್ತದೆ, ರಬ್ಬರ್ ಒಂದೇ ಭಂಗಿಯಲ್ಲಿ ಗಟ್ಟಿಯಾಗುತ್ತದೆ. ದಿನವೂ ಓಡುವ ಬಾಡಿಗೆ ಗಾಡಿಗಿಂತ ವರ್ಷಕ್ಕೆ ನಾಲ್ಕು ಪ್ರವಾಸ ಮಾಡುವ ಮೋಟರ್‌ಹೋಮ್‌ನಲ್ಲಿ ಸೀಲ್ ಬೇಗ ಸೋಲುವುದು ಇದರಿಂದಲೇ.

ಆದರೂ ಸೋರಿದ್ದನ್ನು ಕಂಡ ಕೂಡಲೇ ಸೀಲ್ ಬದಲಿಸಬಾರದು. ನನ್ನ ಗಾಡಿಯ ಪಿನಿಯನ್ ಸೀಲನ್ನು ಗ್ಯಾರೇಜೊಂದರಲ್ಲಿ ಮೂರು ತಿಂಗಳ ಅಂತರದಲ್ಲಿ ಎರಡು ಬಾರಿ ಬದಲಿಸಿದರು. ಎರಡು ಬಾರಿಯೂ ಚಿಕ್ಕಮಗಳೂರಿನ ಬಳಿಯ ಕೈಮರದ ಏರು ಹತ್ತಿ ಬರುವಷ್ಟರಲ್ಲಿ ಅದೇ ಜಾಗ ಒದ್ದೆಯಾಗಿತ್ತು. ಮೂರನೆಯ ಸಲ ನಾನೇ ಕೆಳಗೆ ಮಲಗಿ, ಆಕ್ಸಲ್ ಹೌಸಿಂಗಿನ ಮೇಲಿದ್ದ, ಒಳಗಿನ ಗಾಳಿ ಹೋಗಿಬರುವ ಬ್ರೀದರ್ ಪೈಪನ್ನು ಕಿತ್ತು ಬಾಯಿಂದ ಊದಿದೆ. ಗಾಳಿ ಹೋಗಲಿಲ್ಲ. ಪೈಪಿನ ತುದಿಯೊಳಗೆ ತಂತಿ ತೂರಿಸಿ ತಿರುವಿದಾಗ ಕಿರುಬೆರಳಿನ ಉಗುರಿನಷ್ಟು ಕೆಂಪು ಮಣ್ಣು ಮುದ್ದೆಯಾಗಿ ಹೊರಬಂತು, ಅದರ ನಡುವೆ ಒಣಗಿದ ಹುಳುವಿನ ಚಿಪ್ಪಿತ್ತು. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತಿದ್ದಾಗ ಮಣ್ಣಿನ ಗೂಡು ಕಟ್ಟುವ ಕಣಜವೊಂದು ಅಲ್ಲಿ ಸಂಸಾರ ಹೂಡಿತ್ತು. ಪೈಪು ಶುದ್ಧವಾದ ಮೇಲೆ ಹಾಕಿದ ಮೂರನೆಯ ಸೀಲ್ ಇಂದಿಗೂ ಜಿನುಗಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸೀಲ್ ಕೂರಿಸುವ ಕೆಲಸಕ್ಕಿಂತ ಅದು ಏಕೆ ಸೋರಿತು ಎಂಬ ವಿಚಾರಣೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ಎಣ್ಣೆ, ಎಲ್ಲಿಯದು

ಮೊದಲು ಗಾಡಿಯನ್ನು ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಳಗೆ ಉದ್ದಕ್ಕೂ ರಟ್ಟು ಹಾಸಿರಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನೇರವನ್ನು ರಟ್ಟಿನ ಮೇಲೆ ಪೆನ್ಸಿಲಿನಿಂದ ಗುರುತಿಸಿದರೆ, ಬೆಳಿಗ್ಗೆ ಹನಿ ಯಾವ ಭಾಗದ ಕೆಳಗೆ ಬಿದ್ದಿದೆ ಎಂದು ತಿಳಿಯುತ್ತದೆ. ಹನಿಯನ್ನು ಬೆರಳಿಗೆ ಹಚ್ಚಿ ನೋಡಿ, ಮೂಸಿ ನೋಡಿ. ಡೀಸೆಲ್ ಗಾಡಿಯ ಎಂಜಿನ್ ಆಯಿಲ್ ಕಪ್ಪಗೆ, ತೆಳುವಾಗಿ ಇರುತ್ತದೆ. ಗೇರ್ ಆಯಿಲ್ ದಪ್ಪ, ಜೇನಿನಿಂದ ಕಂದು ಬಣ್ಣದವರೆಗೆ ಇರಬಹುದು, ಗಂಧಕದ ಘಾಟು ಮೂಗಿಗೆ ತಟ್ಟನೆ ಹತ್ತುತ್ತದೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಪವರ್ ಸ್ಟಿಯರಿಂಗಿನದು ಬಹುಮಟ್ಟಿಗೆ ಕೆಂಪು. ಬ್ರೇಕ್ ಆಯಿಲ್ ತೆಳ್ಳಗೆ, ಬಹುತೇಕ ಬಣ್ಣವಿಲ್ಲದ್ದು. ಸಂಶಯವಿದ್ದರೆ ಒಂದು ಲೋಟ ನೀರಿಗೆ ಹನಿ ಬಿಡಿ: ಗೇರ್ ಆಯಿಲ್ ತೇಲುತ್ತದೆ, ಸಾಮಾನ್ಯವಾಗಿ ಬಳಕೆಯಲ್ಲಿರುವ ಡಾಟ್ 3 ಮತ್ತು ಡಾಟ್ 4 ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ಅದು ಬ್ರೇಕ್ ಆಯಿಲ್ ಎಂದು ಗೊತ್ತಾದರೆ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ, ಮೆಕ್ಯಾನಿಕನ್ನೇ ಅಲ್ಲಿಗೆ ಕರೆಸಿರಿ.

ಹನಿ ಬಿದ್ದ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದರಿಂದ ಎಂಜಿನ್ನಿನ ಮೇಲ್ಭಾಗದ ಪ್ಯಾಕಿಂಗಿನಲ್ಲಿ ಹೊರಟ ಎಣ್ಣೆ ಗೇರ್ ಬಾಕ್ಸಿನ ತಳದಿಂದ ತೊಟ್ಟಿಕ್ಕಬಹುದು. ಹಾಗಾಗಿ ತಳಭಾಗವನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ಚೆನ್ನಾಗಿ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅನುಮಾನವಿರುವ ಜಾಗಗಳಿಗೆ ಸೀಮೆಸುಣ್ಣದ ಪುಡಿಯನ್ನೋ ಟಾಲ್ಕಂ ಪೌಡರನ್ನೋ ಉದುರಿಸಿರಿ. ಬಳಿಕ ಗಾಡಿಯನ್ನು ಬಿಸಿಯಾಗುವಷ್ಟು ದೂರ ಓಡಿಸಬೇಕು. ಹಾಸನದವರಿಗೆ ಸಕಲೇಶಪುರದವರೆಗಿನ ಸುಮಾರು 40 ಕಿ.ಮೀ., ಚಿಕ್ಕಮಗಳೂರಿನವರಿಗೆ ಬೇಲೂರಿಗೆ ಹೋಗಿ ಬರುವಷ್ಟು ದಾರಿ ಸಾಕು. ಹಿಂತಿರುಗಿದ ಕೂಡಲೇ ಟಾರ್ಚ್ ಹಿಡಿದು, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಮತ್ತು ಮುಂದಿರುವುದು ಯಾವುದೆಂದು ಹುಡುಕಿರಿ. ಪಿನಿಯನ್ ಸೀಲ್ ಸೋರುತ್ತಿದ್ದರೆ ತಿರುಗುವ ಫ್ಲ್ಯಾಂಜ್ (ಗೇರ್ ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟನ್ನು ಪಿನಿಯನ್ನಿಗೆ ಜೋಡಿಸುವ ತಟ್ಟೆ) ಎಣ್ಣೆಯನ್ನು ಸುತ್ತಲೂ ಎರಚುವುದರಿಂದ, ಅದರ ನೇರಕ್ಕೆ ಗಾಡಿಯ ತಳದಲ್ಲಿ ಅಡ್ಡಗೆರೆಯಂಥ ಕಲೆ ಬಿದ್ದಿರುತ್ತದೆ. 

ಎಷ್ಟು ಸೋರಿದರೆ ಚಿಂತೆ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ನಿಮಿಷಕ್ಕೊಂದು ಹನಿಯಂತೆ ಓಡುವ ಸೋರಿಕೆ ದಿನಕ್ಕೆ 72 ಮಿಲಿಲೀಟರ್, ತಿಂಗಳಿಗೆ ಎರಡು ಲೀಟರಿಗೂ ಹೆಚ್ಚು. ಡಿಫರೆನ್ಷಿಯಲ್‌ನಲ್ಲಿ ಇರುವುದೇ ಕೆಲವು ಲೀಟರ್. ಅಲ್ಲಿ ಎಣ್ಣೆ ಕಡಿಮೆಯಾದದ್ದನ್ನು ತಿಳಿಸುವ ದೀಪ ಡ್ಯಾಶ್‌ಬೋರ್ಡಿನಲ್ಲಿ ಇರುವುದಿಲ್ಲ; ಅದರೊಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ಊಳಿಡುವ ಸದ್ದು ಕೇಳಿಸುವಷ್ಟರಲ್ಲಿ ಹಲ್ಲುಗಳು ಸವೆದಿರುತ್ತವೆ.

ಸೀಲ್ ಏಕೆ ಸೋರಿತು

ಬ್ರೀದರ್ ಮೊದಲ ತಪಾಸಣೆ. ಗೇರ್ ಬಾಕ್ಸ್ ಮತ್ತು ಆಕ್ಸಲ್ ಹೌಸಿಂಗ್ ಎರಡಕ್ಕೂ ಒಂದೊಂದು ಉಸಿರಾಟದ ದಾರಿ ಇರುತ್ತದೆ. ಒಳಗಿನ ಗಾಳಿ 25 ಡಿಗ್ರಿಯಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ, ಹೊರದಾರಿ ಮುಚ್ಚಿದ್ದರೆ ಒತ್ತಡ ಶೇ. 20ಕ್ಕಿಂತ ಹೆಚ್ಚು ಏರುತ್ತದೆ. ತುಟಿಯಂಥ ಸೀಲ್ ಅದನ್ನು ತಡೆದುಕೊಳ್ಳಲು ಮಾಡಿದ್ದಲ್ಲ, ಎಣ್ಣೆ ಅದರ ಸಂದಿನಿಂದಲೇ ಹೊರಡುತ್ತದೆ. ಇದರ ಇನ್ನೊಂದು ಮುಖ ಮಲೆನಾಡಿನಲ್ಲಿ ಹೆಚ್ಚು ಕಾಡುತ್ತದೆ: ಏರು ಹತ್ತಿ ಬಿಸಿಯಾದ ಹೌಸಿಂಗ್ ರಸ್ತೆಗೆ ಅಡ್ಡ ಹರಿಯುವ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮುಚ್ಚಿದ್ದರೆ ಅದೇ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆ ಎಣ್ಣೆಯಲ್ಲಿ ಗಾಡಿ ಓಡಿಸಿದರೆ ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಎಂಜಿನ್ನಿಗೂ ಇದೇ ನ್ಯಾಯ. ಅದರ ಬ್ರೀದರ್ ಕಟ್ಟಿದ್ದರೆ ಅಥವಾ ಪಿಸ್ಟನ್ ರಿಂಗು ಸವೆದು ಒಳಗೆ ಒತ್ತಡ ಹೆಚ್ಚಿದ್ದರೆ, ಕ್ರ್ಯಾಂಕಿನ ಹಿಂಬದಿಗೆ ಎಷ್ಟು ಹೊಸ ಸೀಲ್ ಹಾಕಿದರೂ ಹಣ ದಂಡ.

ಎರಡನೆಯದು ಎಣ್ಣೆಯ ಮಟ್ಟ. ಸೋರುತ್ತಿದೆಯೆಂದು ಅಂದಾಜಿನ ಮೇಲೆ ಮತ್ತೆ ಮತ್ತೆ ಸುರಿದು ಮಟ್ಟ ಮೀರಿಸಿದ ಗಾಡಿಗಳು ಆ ಹೆಚ್ಚುವರಿ ಎಣ್ಣೆಯನ್ನೇ ಹೊರಹಾಕುತ್ತಿರುತ್ತವೆ. ಮೂರನೆಯದು ಆಟ, ಅಂದರೆ ಬೇರಿಂಗಿನ ಸಡಿಲ. ಪ್ರೊಪೆಲ್ಲರ್ ಶಾಫ್ಟನ್ನು ಪಿನಿಯನ್ನಿನ ಬಳಿ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಪಿನಿಯನ್ ಫ್ಲ್ಯಾಂಜೇ ಅಲುಗಿದರೆ ಬೇರಿಂಗ್ ಹೋಗಿದೆ. ಶಾಫ್ಟ್ ಕುಣಿಯುತ್ತಿದ್ದರೆ ಸೀಲಿನ ತುಟಿ ಅದನ್ನು ಹಿಂಬಾಲಿಸಲಾರದು. ಪ್ರೊಪೆಲ್ಲರ್ ಶಾಫ್ಟಿನ ಕೀಲಿನಲ್ಲಿರುವ ಯುಜೆ ಕ್ರಾಸ್ ಮತ್ತು ಅದನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್ ಸವೆದು ಶಾಫ್ಟ್ ನಡುಗುತ್ತಿದ್ದರೂ ಫಲ ಅದೇ. ನಾಲ್ಕನೆಯದು ಶಾಫ್ಟಿನ ಮೇಲ್ಮೈ: ಹಳೆಯ ತುಟಿ ವರ್ಷಗಟ್ಟಲೆ ಉಜ್ಜಿದ ಜಾಗದಲ್ಲಿ ಲೋಹವೇ ಸವೆದು ಗೀರು ಬಿದ್ದಿರುತ್ತದೆ. ಫ್ಲ್ಯಾಂಜನ್ನು ಬಿಚ್ಚಿದಾಗ ಉಗುರನ್ನು ಅಡ್ಡಲಾಗಿ ಎಳೆದು ನೋಡಿ, ಉಗುರು ಸಿಕ್ಕಿಕೊಂಡರೆ ಆ ಮೇಲ್ಮೈಗೆ ತೆಳುವಾದ ಸ್ಟೀಲ್ ಸ್ಲೀವ್ ಹಾಕಿಸಬೇಕು, ಇಲ್ಲವೇ ಫ್ಲ್ಯಾಂಜನ್ನೇ ಬದಲಿಸಬೇಕು.

ಇವೆಲ್ಲದರ ಹಿಂದೆ ಮೋಟರ್‌ಹೋಮ್‌ಗೆ ವಿಶೇಷವಾದ ಕಾರಣವೊಂದಿದೆ, ಅದು ಭಾರ. 120 ಲೀಟರಿನ ನೀರಿನ ಟ್ಯಾಂಕು ತುಂಬಿದಾಗ 120 ಕಿಲೋ. ಇನ್ವರ್ಟರಿಗೆ ಹಾಕುವ ದೊಡ್ಡ ಟ್ಯೂಬುಲರ್ ಬ್ಯಾಟರಿ ಒಂದಕ್ಕೆ ಐವತ್ತು ಕಿಲೋ ಆಸುಪಾಸು. ಅಡುಗೆ ಕಟ್ಟೆ, ಮಂಚ, ಗ್ಯಾಸ್ ಸಿಲಿಂಡರ್ ಎಲ್ಲವೂ ಸೇರಿ ಹಿಂದಿನ ಆಕ್ಸಲ್ಲಿನ ಮೇಲೇ ಕೂರುತ್ತವೆ, ಕಟ್ಟಿಸಿದ ದಿನದಿಂದ ಅಲ್ಲೇ ಇರುತ್ತವೆ. ಪ್ರವಾಸಕ್ಕೆ ಸಿದ್ಧವಾದ ಸ್ಥಿತಿಯಲ್ಲಿ ಹಿಂಚಕ್ರಗಳನ್ನಷ್ಟೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ, ಆರ್‌ಸಿಯಲ್ಲಿ ನಮೂದಾಗಿರುವ ಮಿತಿಯೊಂದಿಗೆ ಹೋಲಿಸಿರಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಿರುವುದರಿಂದ ವೇಬ್ರಿಡ್ಜ್ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಹಿಂಚಕ್ರದ ಹಬ್ ಸೀಲ್: ಇದನ್ನು ಮುಂದೂಡಬೇಡಿ

ಪಿನಿಯನ್ ಜಿನುಗಿದರೆ ಎಣ್ಣೆಯ ಮಟ್ಟ ನೋಡಿಕೊಳ್ಳುತ್ತ ಊರು ಸೇರಬಹುದು. ಹಬ್ ಸೀಲ್ ಹಾಗಲ್ಲ, ಅದರಿಂದ ಹೊರಟ ಗೇರ್ ಆಯಿಲ್ ನೇರವಾಗಿ ಬ್ರೇಕ್ ಡ್ರಮ್ಮಿನೊಳಕ್ಕೆ ಹೋಗುತ್ತದೆ. ಟೈರಿನ ಒಳಮುಖದಲ್ಲಿ ಕಪ್ಪು ಜಿಡ್ಡಿನ ಗೆರೆಗಳು, ಡ್ರಮ್ಮಿನ ಹಿಂಬದಿ ತಟ್ಟೆಯ ಕೆಳ ಅಂಚಿನಲ್ಲಿ ಧೂಳು ಮೆತ್ತಿದ ಒದ್ದೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುವುದು: ಈ ಮೂರರಲ್ಲಿ ಒಂದು ಕಂಡರೂ ಡ್ರಮ್ ಬಿಚ್ಚಲೇಬೇಕು. ಕೊಟ್ಟಿಗೆಹಾರದಿಂದ ಕೆಳಗೆ ತಿರುವಿನ ಮೇಲೆ ತಿರುವು ಬರುವ ಚಾರ್ಮಾಡಿ ಘಟ್ಟದ ರಸ್ತೆಯಲ್ಲಿ ಒಂದು ಹಿಂಚಕ್ರದ ಬ್ರೇಕ್ ಎಣ್ಣೆಯಲ್ಲಿ ಜಾರುತ್ತಿದ್ದರೆ ಉಳಿದ ಮೂರು ಅತಿಯಾಗಿ ಕಾಯುತ್ತವೆ. ಕಾದ ಬ್ರೇಕ್ ಹಿಡಿಯುವುದಿಲ್ಲ.

ಚಕ್ರವನ್ನು ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ ಬೇರಿಂಗಿನ ಆಟ ನೋಡಿ. ಆಟವಿದ್ದರೆ ಬೇರಿಂಗ್ ಹೊಂದಿಸದೆ ಸೀಲ್ ಮಾತ್ರ ಬದಲಿಸುವುದು ಕೆಲಸಕ್ಕೆ ಬಾರದು. ಎಣ್ಣೆ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಲ್ಲಿ ಕಾಯಿಸಿ ಮತ್ತೆ ಹಾಕುವ ಪದ್ಧತಿ ಕೆಲವು ಕಡೆ ಇದೆ. ಇದನ್ನು ಒಪ್ಪಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಲೈನರಿನ ಒಳಗೆ ಹೀರಿದ ಎಣ್ಣೆ ಮೇಲಿನಿಂದ ಸುಟ್ಟಂತೆ ಕಂಡರೂ, ಘಟ್ಟದ ಇಳಿಜಾರಿನಲ್ಲಿ ಡ್ರಮ್ ಕಾದಾಗ ಮತ್ತೆ ಮೇಲಕ್ಕೆ ಬರುತ್ತದೆ. ಎಡಬಲ ಎರಡೂ ಚಕ್ರಗಳ ಲೈನರನ್ನು ಒಟ್ಟಿಗೆ ಬದಲಿಸಿರಿ, ಡ್ರಮ್ಮನ್ನು ಬ್ರೇಕ್ ಕ್ಲೀನರಿನಿಂದ ಒರೆಸಿರಿ. ಒಣಗಿದ ಲೈನರ್ ಧೂಳನ್ನು ಗಾಳಿ ಊದಿ ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ತೆಗೆಯಿರಿ.

ಪಿನಿಯನ್ ಸೀಲ್ ಬದಲಿಸುವ ಕ್ರಮ

ಅನುಭವವಿರುವ ಮಾಲೀಕರು ಇದನ್ನು ಮನೆಯಂಗಳದಲ್ಲೇ ಮಾಡಬಹುದು, ಉಳಿದವರಿಗೆ ಮೆಕ್ಯಾನಿಕ್ ಏನು ಮಾಡುತ್ತಿದ್ದಾರೆಂದು ತಿಳಿಯಲಾದರೂ ಈ ಕ್ರಮ ಗೊತ್ತಿರಲಿ. ಮುಂಚಕ್ರಗಳಿಗೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡಿನ ಅಡೆ ಕೊಡುವುದು ಮೊದಲ ಕೆಲಸ. ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಕ್ಷಣದಿಂದ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದ್ದರ ಪ್ರಯೋಜನ ಇರುವುದಿಲ್ಲ. ಹಿಂಚಕ್ರ ಎತ್ತಿದ್ದರೆ ಹ್ಯಾಂಡ್ ಬ್ರೇಕೂ ಗಾಡಿಯನ್ನು ಹಿಡಿಯದು. ನಮ್ಮ ಕಡೆಯ ಅಂಗಳದ ಮಣ್ಣು ಮಳೆ ನಿಂತ ಮೇಲೂ ಬಹಳ ದಿನ ಮೆತ್ತಗಿರುತ್ತದೆ, ಆದ್ದರಿಂದ ಜಾಕ್ ಮತ್ತು ಸ್ಟ್ಯಾಂಡುಗಳ ಕೆಳಗೆ ದಪ್ಪ ಹಲಗೆ ಹಾಕಿರಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬಾರದು.

ಶಾಫ್ಟಿನ ಫ್ಲ್ಯಾಂಜಿಗೂ ಪಿನಿಯನ್ ಫ್ಲ್ಯಾಂಜಿಗೂ ಪಂಚಿನಿಂದ ಒಂದೇ ನೇರದಲ್ಲಿ ಗುರುತು ಹಾಕಿ, ಬೋಲ್ಟ್ ಬಿಚ್ಚಿ, ಶಾಫ್ಟನ್ನು ನೇತಾಡಲು ಬಿಡದೆ ತಂತಿಯಿಂದ ಪಕ್ಕಕ್ಕೆ ಕಟ್ಟಿರಿ. ಈಗ ಪಿನಿಯನ್ ನಟ್, ಪಿನಿಯನ್ ಶಾಫ್ಟಿನ ತುದಿ ಮತ್ತು ಫ್ಲ್ಯಾಂಜ್ ಈ ಮೂರಕ್ಕೂ ಸೇರುವಂತೆ ಇನ್ನೊಂದು ಗುರುತು ಹಾಕಿ, ನಟ್ಟಿನ ಹೊರಗೆ ಎಷ್ಟು ಸುತ್ತು ಥ್ರೆಡ್ ಕಾಣುತ್ತದೆ ಎಂದು ಎಣಿಸಿ ಬರೆದುಕೊಳ್ಳಿ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು. ಅನೇಕ ಆಕ್ಸಲ್ಲುಗಳಲ್ಲಿ ಎರಡು ಪಿನಿಯನ್ ಬೇರಿಂಗುಗಳ ನಡುವೆ ಅದುಮಿದಾಗ ಕುಗ್ಗುವ ಕೊಳವೆಯೊಂದಿದ್ದು, ಬೇರಿಂಗಿನ ಬಿಗಿ ಅದರಿಂದಲೇ ನಿರ್ಧಾರವಾಗಿರುತ್ತದೆ. ನಟ್ಟನ್ನು ಬಲವಿದ್ದಷ್ಟೂ ಬಿಗಿದರೆ ಆ ಕೊಳವೆ ಇನ್ನಷ್ಟು ಕುಗ್ಗಿ, ಬೇರಿಂಗ್ ಕಾದು ಹೋಗುತ್ತದೆ. ಕೊಳವೆಯ ಬದಲು ಷಿಮ್ (ತೆಳುವಾದ ಲೋಹದ ಬಿಲ್ಲೆ) ಇರುವ ಆಕ್ಸಲ್ಲುಗಳಲ್ಲಿ ಮಾತ್ರ ಕೈಪಿಡಿಯಲ್ಲಿರುವ ಟಾರ್ಕಿಗೆ ನೇರವಾಗಿ ಬಿಗಿಯಬಹುದು. ನಿಮ್ಮದು ಯಾವುದೆಂದು ಬಿಚ್ಚುವ ಮೊದಲೇ ಸರ್ವಿಸ್ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಫ್ಲ್ಯಾಂಜನ್ನು ಪುಲ್ಲರಿನಿಂದ ಎಳೆಯಿರಿ, ಸುತ್ತಿಗೆಯಿಂದ ಹೊಡೆಯಬೇಡಿ. ಹಳೆಯ ಸೀಲ್ ಎಷ್ಟು ಆಳದಲ್ಲಿ ಕುಳಿತಿದೆ ಎಂದು ಅಳೆದುಕೊಂಡು, ಹೌಸಿಂಗಿನ ಒಳಮೈಗೆ ಗೀರು ಬೀಳದಂತೆ ಅದನ್ನು ಮೀಟಿ ತೆಗೆಯಿರಿ. ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ ಮತ್ತು ದಪ್ಪ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಮೂರೂ ಸಂಖ್ಯೆಗಳನ್ನು ಹೊಂದಿಸಿ ತನ್ನಿ. ಅಳತೆ ಒಂದೇ ಆದರೂ ರಬ್ಬರ್ ಬೇರೆ ಇರಬಹುದು. ಸಾಮಾನ್ಯ ನೈಟ್ರೈಲ್ ಸುಮಾರು 100 ಡಿಗ್ರಿಯವರೆಗೆ ನಿಶ್ಚಿಂತೆಯಿಂದ ಬಾಳುತ್ತದೆ, ವೈಟಾನ್ 200 ಡಿಗ್ರಿಯನ್ನೂ ತಾಳುತ್ತದೆ. ಕ್ರ್ಯಾಂಕಿನ ಹಿಂಬದಿಗೆ ಕಂಪನಿ ಹೇಳಿದ ರಬ್ಬರನ್ನೇ ಹಾಕಬೇಕು. ತುಟಿಯ ಮೇಲೆ ಓರೆ ಗೆರೆಗಳೂ ಬಾಣದ ಗುರುತೂ ಇದ್ದರೆ ಶಾಫ್ಟ್ ತಿರುಗುವ ದಿಕ್ಕಿಗೆ ಹೊಂದುವಂತೆ ನೋಡಿಕೊಳ್ಳಿ.

ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಇರಬೇಕು. ಹೊಸ ಸೀಲನ್ನು ಬಡಿದು ಕೂರಿಸುವಾಗ ಆ ಸ್ಪ್ರಿಂಗ್ ಜಾರಿ ಒಳಗೆ ಬೀಳುವುದುಂಟು, ಹಾಗಾದದ್ದು ಹೊರಗಿನಿಂದ ಕಾಣುವುದೇ ಇಲ್ಲ. ಸ್ಪ್ರಿಂಗಿನ ಸಂದಿಗೆ ಸ್ವಲ್ಪ ಗ್ರೀಸ್ ತುಂಬಿದರೆ ಅದು ಕದಲದೆ ನಿಲ್ಲುತ್ತದೆ. ತುಟಿಗೆ ಗೇರ್ ಆಯಿಲ್ ಸವರಿ, ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪಿನ ತುಂಡನ್ನು ಇಟ್ಟು, ಸುತ್ತಲೂ ಸಮನಾಗಿ, ಸಣ್ಣ ಏಟುಗಳಿಂದ ಹಳೆಯ ಆಳದವರೆಗೆ ಇಳಿಸಿರಿ. ಫ್ಲ್ಯಾಂಜ್ ಹಾಕುವ ಮೊದಲು ಅದರ ಒಳಗಿನ ಸ್ಪ್ಲೈನ್‌ಗಳಿಗೆ (ಶಾಫ್ಟನ್ನು ಕಚ್ಚಿ ಹಿಡಿಯುವ ಉದ್ದ ಹಲ್ಲುಗಳು) ತೆಳುವಾಗಿ ಸೀಲೆಂಟ್ ಹಚ್ಚಿರಿ. ಎಣ್ಣೆ ಸ್ಪ್ಲೈನಿನ ಸಂದುಗಳಲ್ಲಿ ಹರಿದು ನಟ್ಟಿನ ಬುಡದಿಂದ ಹೊರಬರುವುದೂ ಉಂಟು, ಸೀಲನ್ನು ಬೈಯುವವರಿಗೆ ಅದು ಗೊತ್ತಾಗುವುದಿಲ್ಲ. ಕುಗ್ಗುವ ಕೊಳವೆಯ ಆಕ್ಸಲ್ಲಿನಲ್ಲಿ ನಟ್ಟನ್ನು ಹಳೆಯ ಗುರುತಿಗೆ ತಂದು, ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಮುಂದಕ್ಕೆ ಬಿಗಿದು, ಫ್ಲ್ಯಾಂಜನ್ನು ಕೈಯಲ್ಲಿ ತಿರುಗಿಸಿದಾಗ ಮೊದಲಿನಂತೆಯೇ ನಯವಾಗಿ ತಿರುಗುತ್ತದೆಯೇ ನೋಡಿ. ಕೈಪಿಡಿ ಹೊಸ ನಟ್ ಹಾಕಲು ಹೇಳಿದ್ದರೆ, ಹಳೆಯ ನಟ್ಟನ್ನೇ ಮೊದಲು ಗುರುತಿಗೆ ತಂದು ಫ್ಲ್ಯಾಂಜಿನ ಸ್ಥಾನವನ್ನೂ ಥ್ರೆಡ್ಡಿನ ಲೆಕ್ಕವನ್ನೂ ಖಚಿತಪಡಿಸಿಕೊಂಡು, ಬಳಿಕ ಹೊಸದನ್ನು ಅದೇ ಲೆಕ್ಕಕ್ಕೆ ಬಿಗಿಯಿರಿ.

ಗೇರ್ ಬಾಕ್ಸಿನ ಹಿಂಬದಿ ಸೀಲಿನ ಕ್ರಮವೂ ಹೆಚ್ಚು ಕಡಿಮೆ ಇದೇ. ಕ್ರ್ಯಾಂಕಿನ ಹಿಂಬದಿಯ ಮತ್ತು ಗೇರ್ ಬಾಕ್ಸಿನ ಮುಂಬದಿಯ ಸೀಲುಗಳಿಗೆ ಗೇರ್ ಬಾಕ್ಸ್ ಇಳಿಸಲೇಬೇಕು, ಅದು ವರ್ಕ್‌ಶಾಪಿನ ಕೆಲಸ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನ ತಳದ ತೂತಿನಿಂದ ಹನಿಯುವ ಎಣ್ಣೆ ಕಪ್ಪೋ, ಗಂಧಕದ ವಾಸನೆಯದೋ ಎಂದು ನೀವೇ ನೋಡಿ ಹೇಳಿದರೆ ಯಾವ ಸೀಲ್ ಎಂಬುದು ಮೊದಲೇ ತೀರ್ಮಾನವಾಗುತ್ತದೆ. ಹೇಗೂ ಗೇರ್ ಬಾಕ್ಸ್ ಇಳಿಸಿದ ಮೇಲೆ ಎರಡೂ ಸೀಲುಗಳನ್ನು, ಜೊತೆಗೆ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದ್ದರೆ ಅದನ್ನೂ ಬದಲಿಸಿಬಿಡಿ; ಕೂಲಿ ಒಂದೇ.

ಎಣ್ಣೆ ತುಂಬುವುದು, ಆಮೇಲಿನ ಆರೈಕೆ

ಹಳೆಯ ಎಣ್ಣೆ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಗಾಡಿ ಅಲ್ಲಿಯೇ ಉಳಿಯುತ್ತದೆ. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ನುಣುಪಾದ ಬೂದು ಕೆಸರು ಅಂಟಿರುವುದು ಸಹಜ, ಚಕ್ಕೆ ಅಥವಾ ಹಲ್ಲಿನ ಚೂರು ಸಿಕ್ಕರೆ ಹೌಸಿಂಗ್ ತೆರೆಸಿ ನೋಡಬೇಕು. ಡಿಫರೆನ್ಷಿಯಲ್‌ಗೆ ಹೆಚ್ಚಿನ ವ್ಯಾನುಗಳಲ್ಲಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು. ಗೇರ್ ಬಾಕ್ಸಿಗೆ ಜಿಎಲ್-4 ಎಂದು ಕೈಪಿಡಿ ಹೇಳಿದ್ದರೆ ಒಂದೇ ಡಬ್ಬಿಯನ್ನು ಎರಡಕ್ಕೂ ಸುರಿಯಬೇಡಿ, ಜಿಎಲ್-5ರಲ್ಲಿರುವ ಗಂಧಕ ಮತ್ತು ರಂಜಕದ ಅಂಶಗಳು ಒಳಗಿನ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಸವೆಸಬಹುದು. ಗಾಡಿ ಸಮತಟ್ಟಾಗಿ ನಿಂತಿರುವಾಗ ತುಂಬುವ ತೂತಿನ ಕೆಳ ಅಂಚಿಗೆ ಎಣ್ಣೆ ಮುಟ್ಟಿದರೆ ಮಟ್ಟ ಸರಿಯಾಯಿತು. ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿಗಳು ರಬ್ಬರನ್ನು ಉಬ್ಬಿಸಿ ಕೆಲವು ದಿನ ದೂಡುತ್ತವೆ ಅಷ್ಟೆ, ನನ್ನ ಗಾಡಿಗೆ ಅವನ್ನು ಹಾಕುವುದಿಲ್ಲ.

ಮಳೆಗಾಲಕ್ಕೆ ನಿಲ್ಲಿಸುವ ಮೊದಲು ಬ್ರೀದರ್ ಪೈಪುಗಳ ತುದಿಗೆ ಸೊಳ್ಳೆ ಪರದೆಯ ತುಂಡನ್ನು ಕಟ್ಟಿರಿ. ಪ್ಲಾಸ್ಟಿಕ್ ಕಟ್ಟಿದರೆ ಗಾಳಿಯೇ ಆಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಡುವುದರಿಂದ ಪಿನಿಯನ್ ಮತ್ತು ಹಬ್ಬಿನ ಸೀಲುಗಳಿಗೆ ಏನೂ ಆಗುವುದಿಲ್ಲ, ಚಕ್ರ ತಿರುಗಿದರೆ ಮಾತ್ರ ಅಲ್ಲಿ ಎಣ್ಣೆ ಏಳುತ್ತದೆ. ಆದ್ದರಿಂದ ಮಳೆ ಬಿಡುವು ಕೊಟ್ಟ ದಿನ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ತನ್ನಿ. ಕೆಸರಾದ ಗಾಡಿಯನ್ನು ವಾಟರ್ ಸರ್ವಿಸಿಗೆ ಬಿಟ್ಟಾಗ ಪ್ರೆಶರ್ ನೀರನ್ನು ಸೀಲುಗಳಿಗೂ ಬ್ರೀದರಿಗೂ ನೇರವಾಗಿ ಹಿಡಿಯಬೇಡಿ ಎಂದು ಹುಡುಗರಿಗೆ ನಿಂತು ಹೇಳಿರಿ.

ಇಳಿಸಿದ ಎಣ್ಣೆಯನ್ನು ತೋಟದ ಬದುವಿಗೋ ಚರಂಡಿಗೋ ಚೆಲ್ಲಬಾರದು, ಇಲ್ಲಿ ಚೆಲ್ಲಿದ್ದು ಯಗಚಿಗೋ ಹೇಮಾವತಿಗೋ ಭದ್ರೆಗೋ ಸೇರುತ್ತದೆ. ಖಾಲಿ ಡಬ್ಬಿಗೆ ತುಂಬಿಸಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಸೀಲ್ ಬದಲಿಸಿದ ದಿನಾಂಕ, ಸೀಲಿನ ಅಳತೆ ಮತ್ತು ಓಡೋಮೀಟರಿನ ಅಂಕಿಯನ್ನು ಗಾಡಿಯ ಪುಸ್ತಕದಲ್ಲಿ ಬರೆದಿಟ್ಟು, 50 ಕಿ.ಮೀ. ಆದ ಮೇಲೊಮ್ಮೆ, 500 ಕಿ.ಮೀ. ಆದ ಮೇಲೊಮ್ಮೆ ಆ ಜಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಮೊದಲ ಸಲ ಬಟ್ಟೆಗೆ ತೆಳುವಾದ ಜಿಡ್ಡು ಹತ್ತಿದರೆ ಅದು ಕೂರಿಸುವಾಗ ಸವರಿದ ಎಣ್ಣೆ ಇರಬಹುದು. ಎರಡನೆಯ ಸಲವೂ ಹತ್ತಿದರೆ ಮತ್ತೆ ಬ್ರೀದರಿನಿಂದಲೇ ಹುಡುಕಲು ಆರಂಭಿಸಿರಿ.